ಟೇಪಮ್ಮನ ಒಂದೂವರೆ ಇಂಚು

ಟೇಪಮ್ಮ ಅನ್ನೋ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಕೊರಳಲ್ಲಿ ಟೇಪು ಇಲ್ಲದೆ ಅವಳನ್ನು ಕಂಡವರು ಊರಲ್ಲೇ ಇಲ್ಲ. ಹಾಲು ತರೋಕೆ ಹೋದರೂ ಟೇಪು, ನೆಂಟರ ಮನೆಗೆ ಹೋದರೂ ಟೇಪು. ಮೂವತ್ತೊಂದು ವರ್ಷದಿಂದ ಅದೇ ಹಳದಿ ಬಟ್ಟೆ ಟೇಪು. ಅಂಕಿಗಳು ಅರ್ಧಕ್ಕರ್ಧ ಮಾಸಿದ್ದರೂ ಅವಳ ಬೆರಳಿಗೆ ಅವು ಬಾಯಿಪಾಠ. "ಜನ ಸುಳ್ಳು ಹೇಳಬಹುದು, ಟೇಪು ಹೇಳಲ್ಲ" ಅಂತ ಜಂಬ ಬೇರೆ. ತಮ್ಮ ಸೊಂಟ ಇನ್ನೂ ಮೂವತ್ತೇ ಅಂತ ಹಟ ಹಿಡಿಯುವ ಗಿರಾಕಿಗಳ ಬಾಯಿ ಮುಚ್ಚಿಸೋಕೆ ಅಷ್ಟು ಸಾಕಿತ್ತು.

ನಾಲ್ಕನೇ ಕ್ಲಾಸು ಓದಿದ ಈ ಟೈಲರಮ್ಮ ಶಾಲೆಗಳ ಸಲಹಾ ಸಮಿತಿಗೆ ಹೇಗೆ ಬಂದಳು ಅಂದರೆ, ಜಗಳ ಆಡಿಕೊಂಡು ಬಂದಳು. ಊರಿನ ಮೂರು ಸರ್ಕಾರಿ ಶಾಲೆಗಳ ಸಮವಸ್ತ್ರ ಹೊಲಿಯೋದು ಅವಳೇ. ಒಂದು ವರ್ಷ ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಬಟ್ಟೆ ಬಂತು. ಟೇಪಮ್ಮ ನೇರ ಶಿಕ್ಷಣ ಕಚೇರಿಗೆ ನುಗ್ಗಿದಳು. "ಒಂದನೇ ಕ್ಲಾಸಿನ ಚಿಳ್ಳೆಗೂ ಏಳನೇ ಕ್ಲಾಸಿನ ಹುಡುಗನಿಗೂ ಒಂದೇ ಅಳತೆನಾ ಸಾರ್? ಉಳಿದದ್ದರಲ್ಲಿ ಕಿಟಕಿಗೆ ಪರದೆ ಹೊಲೀಲಾ?" ಅಧಿಕಾರಿ ಕನ್ನಡಕ ತೆಗೆದು ಇವಳನ್ನೇ ನೋಡಿದರು. "ಅಮ್ಮಾ, ನೀವು ಸಮಿತಿಗೆ ಬಂದುಬಿಡಿ. ಸಂಬಳ ಇಲ್ಲ, ಟೀ ಕೂಡ ನಿಮ್ಮದೇ ಖರ್ಚು." ಬಂದೇಬಿಟ್ಟಳು.

ಸಮಿತಿ ಅಂದರೆ ಏಳು ಜನ. ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು ಅಧ್ಯಕ್ಷರು, ಕಟ್ಟಡ ಕಟ್ಟುವ ಮೇಸ್ತ್ರಿ ಒಬ್ಬ, ಉಳಿದವರು ಊರಿನ ಅಂಗಡಿಯವರು, ಅಪ್ಪ ಅಮ್ಮಂದಿರು. ತಿಂಗಳಿಗೊಮ್ಮೆ ಕಚೇರಿಯ ಹಿಂದಿನ ಕೋಣೆಯಲ್ಲಿ ಉದ್ದ ಮೇಜಿನ ಸುತ್ತ ಕೂತು, ಶಾಲೆಗಳಿಗೆ ಬಂದ ದುಡ್ಡನ್ನು ಎಲ್ಲಿ ಹಾಕಬೇಕು ಅಂತ ತಲೆಕೆಡಿಸಿಕೊಳ್ಳೋದು ಅವರ ಕೆಲಸ. ಇವರು ಬರೆದುಕೊಟ್ಟದ್ದನ್ನು ಮೇಲಿನವರು ಇದುವರೆಗೆ ಒಮ್ಮೆಯೂ ತಿದ್ದಿದ್ದಿಲ್ಲ.

ಈ ವರ್ಷ ಬಂದ ದುಡ್ಡು ಎರಡೇ ಶಾಲೆಗೆ ಸಾಕಾಗುವಷ್ಟು. ಪೇಟೆ ಶಾಲೆ ದೊಡ್ಡದು, ಅದರ ಮಾತೇ ಇಲ್ಲ. ರೈಲು ಗೇಟಿನಾಚೆಯ ಶಾಲೆ, ಗುಡ್ಡದ ಶಾಲೆ, ಇವೆರಡರಲ್ಲಿ ಒಂದನ್ನು ಮುಚ್ಚಿ ಪೇಟೆ ಶಾಲೆಗೆ ಸೇರಿಸಬೇಕು. ಸಮಿತಿ ತಾನೇ ಒಂದು ನಿಯಮ ಮಾಡಿಕೊಂಡಿತು: ನಾನೂರು ಚದರ ಅಡಿಗಿಂತ ಚಿಕ್ಕ ಕೋಣೆಯನ್ನು ತರಗತಿ ಅಂತ ಲೆಕ್ಕಕ್ಕೆ ಹಿಡಿಯಬಾರದು, ತರಗತಿ ಕಡಿಮೆ ಇರುವ ಶಾಲೆ ಮುಚ್ಚಬೇಕು. ಇನ್ನೊಂದು ನಿಯಮ, ತಮ್ಮವರು ಇರುವ ಶಾಲೆಯನ್ನು ಯಾರೂ ಅಳೆಯಕೂಡದು. ಟೇಪಮ್ಮನ ಮಗಳು ಗುಡ್ಡದ ಶಾಲೆಯಲ್ಲಿ ಟೀಚರು, ಹನ್ನೊಂದು ವರ್ಷದಿಂದ ತಾತ್ಕಾಲಿಕ. ಹಾಗಾಗಿ ಗುಡ್ಡಕ್ಕೆ ಮೇಸ್ತ್ರಿ ತನ್ನ ಸ್ಟೀಲ್ ಟೇಪು ಹಿಡಿದು ಹೋದ, ಗೇಟಿನ ಶಾಲೆಗೆ ಟೇಪಮ್ಮ ಹೋದಳು.

ಗುಡ್ಡದ ಶಾಲೆಯಲ್ಲಿ ಸರಿಯಾದ ತರಗತಿ ಐದು ಸಿಕ್ಕವು. ಗೇಟಿನ ಶಾಲೆಯ ಆರು ಕೋಣೆಗಳಲ್ಲಿ ಎರಡು ಕೋಣೆ ಮುನ್ನೂರ ತೊಂಬತ್ತು ಚದರ ಅಡಿ ಬಂದು ಬಿದ್ದುಹೋದವು, ಉಳಿದದ್ದು ನಾಲ್ಕು. ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿದಿದ್ದವರು ಆ ಶಾಲೆಯ ಹೆಡ್ ಮೇಡಂ. ಲೆಕ್ಕ ಕೇಳಿ ಅವರ ಮುಖ ಬಾಡಿಹೋಯಿತು. ಆದರೂ ವಾದ ಮಾಡಲಿಲ್ಲ. "ನೀವು ಅಳೆದಿದ್ದೀರಲ್ಲ ಟೇಪಮ್ಮ, ಅಲ್ಲಿಗೆ ಸರಿ" ಅಂದು ಸೀಮೆಸುಣ್ಣದ ಕೈ ಒರೆಸಿಕೊಂಡರು.

ಇವತ್ತು ಶನಿವಾರ. ನಾಲ್ಕು ಗಂಟೆಗೆ ಸಭೆ, ಎಲ್ಲರೂ ಸಹಿ ಹಾಕೋ ದಿನ. ಎರಡು ಗಂಟೆಗೆ ಆಸ್ಪತ್ರೆಯ ನರ್ಸು ಅಂಗಡಿಗೆ ಬಂದಳು, ಕೈಯಲ್ಲಿ ಟೇಪಮ್ಮ ಹೊಲಿದ ಬಿಳಿ ಕೋಟು.

"ಏನಮ್ಮ ಇದು? ಇದರೊಳಗೆ ನಾನೂ ನನ್ನ ಗಂಡನೂ ಒಟ್ಟಿಗೆ ಹೋಗಬಹುದು!"

"ಚೀಟಿಯಲ್ಲಿ ಬರೆದು ಕಳಿಸಿದವಳು ನೀನೇ ಅಲ್ವೇನೇ? ಬರೆದಷ್ಟೇ ಕತ್ತರಿಸಿದ್ದೀನಿ."

"ನಾನು ಸರಿಯಾಗೇ ಬರೆದಿದ್ದೀನಿ. ತಗೊಳ್ಳಿ, ಇದೇ ಟೇಪಲ್ಲಿ ಅಳೆದದ್ದು. ಮೊನ್ನೆ ತಂದದ್ದು, ಹೊಚ್ಚ ಹೊಸದು."

ನರ್ಸು ತನ್ನ ಟೇಪನ್ನು ಮೇಜಿನ ಮೇಲೆ ಬಿಚ್ಚಿದಳು. ಟೇಪಮ್ಮ ಕೊರಳಿನದನ್ನು ತೆಗೆದು, ಜಂಬದಿಂದಲೇ, ಪಕ್ಕದಲ್ಲಿ ಹಾಸಿದಳು. ಸೊನ್ನೆಗೆ ಸೊನ್ನೆ ಹೊಂದಿಸಿದಳು. ಹತ್ತರ ಹತ್ತಿರ ಕಾಲು ಇಂಚು ವ್ಯತ್ಯಾಸ. ಮೂವತ್ತರ ಹತ್ತಿರ ಮುಕ್ಕಾಲು ಇಂಚು. ಅರವತ್ತಕ್ಕೆ ಬರುವಾಗ ಹಳೆಯ ಟೇಪು ಹೊಸದನ್ನು ದಾಟಿ ಒಂದೂವರೆ ಇಂಚು ಮುಂದೆ ಹೋಗಿತ್ತು.

ಮೂವತ್ತೊಂದು ವರ್ಷ ಎಳೆದೂ ಎಳೆದೂ ಟೇಪು ಜಗ್ಗಿಹೋಗಿದೆ! ಗೊತ್ತಾಗೋದಾದರೂ ಹೇಗೆ? ಮೈ ಅಳೆದದ್ದೂ ಅದರಲ್ಲೇ, ಬಟ್ಟೆ ಕತ್ತರಿಸಿದ್ದೂ ಅದರಲ್ಲೇ. ತಪ್ಪಿಗೆ ತಪ್ಪು ಸರಿಹೋಗಿ ಒಂದು ಅಂಗಿಯೂ ಕೆಟ್ಟಿರಲಿಲ್ಲ. ಆದರೆ ಗೇಟಿನ ಶಾಲೆಯ ಗೋಡೆ ಅಂಗಿ ಅಲ್ಲವಲ್ಲ. ಇಪ್ಪತ್ತು ಅಡಿಗೆ ನಾಲ್ಕು ಸಲ ಟೇಪು ಹಾಸಿದರೆ ಅರ್ಧ ಅಡಿ ನುಂಗಿಹೋಗುತ್ತದೆ. ನರ್ಸು ತನ್ನ ಟೇಪನ್ನು ಅಲ್ಲೇ ಬಿಟ್ಟು ಹೋದಮೇಲೆ ಅವಳ ಅಳತೆ ಚೀಟಿಯ ಹಿಂದೆ ಲೆಕ್ಕ ಹಾಕಿದಳು, ಅಳಿಸಿ ಮತ್ತೆ ಹಾಕಿದಳು. ಆ ಎರಡು ಕೋಣೆಗಳು ನಾನೂರ ಹತ್ತು ಚದರ ಅಡಿ. ಅಂದರೆ ಗೇಟಿನ ಶಾಲೆಗೆ ಆರು ತರಗತಿ, ಗುಡ್ಡಕ್ಕೆ ಐದು. ಮುಚ್ಚಬೇಕಾದದ್ದು ಮಗಳ ಶಾಲೆ.

ಅಷ್ಟರಲ್ಲಿ ಮಗಳೇ ಬಂದಳು, ಅರ್ಧ ದಿನದ ಶಾಲೆ ಮುಗಿಸಿ, ಮುಖದ ತುಂಬ ನಗು. "ಅಮ್ಮಾ, ಇವತ್ತು ಸಹಿ ಆದ್ರೆ ಮುಗೀತು! ಬರೋ ವರ್ಷ ನನ್ನ ಕೆಲಸ ಕಾಯಂ ಅಂತ ಹೆಡ್ ಮಾಸ್ಟ್ರು ಬಾಯಿಬಿಟ್ಟು ಹೇಳಿದ್ರು."

ಟೇಪಮ್ಮ ಮೇಜಿನ ಕಡೆ ಕೈ ತೋರಿಸಿದಳು. ಹೊಲಿಗೆಯವಳ ಮಗಳಿಗೆ ಎರಡು ಟೇಪು ನೋಡಿದರೆ ಸಾಕು. ಆಮೇಲೆ ಚೀಟಿಯ ಲೆಕ್ಕ ನೋಡಿದಳು. ನಗು ಇಳಿದುಹೋಯಿತು.

"ಯಾರಿಗೆ ಗೊತ್ತು ಇದು?"

"ಶಾಲೆಯ ಲೆಕ್ಕ ನನಗೆ, ಈಗ ನಿನಗೆ."

"ಹಾಗಾದ್ರೆ ಕತ್ತರಿ ತಗೊ. ತುಂಡು ತುಂಡು ಮಾಡಿ ಕಸಕ್ಕೆ ಹಾಕು."

"ಕೂಸೇ..."

"ಹನ್ನೊಂದು ವರ್ಷ ಅಮ್ಮಾ! ಪ್ರತಿ ಬೇಸಿಗೆ, ಈ ಸಲ ಇಟ್ಕೊಳ್ತಾರೋ ಕಳಿಸ್ತಾರೋ ಅಂತ ಆಫೀಸಿನ ಬಾಗಿಲಲ್ಲಿ ನಿಂತಿದ್ದೀನಿ. ಗೇಟಿನ ಶಾಲೆಯವರು ನಿನಗೆ ಏನಾಗಬೇಕು? ನಾನು ಏನಾಗಬೇಕು?" ಮಗಳು ಚೀಲ ಹೆಗಲಿಗೇರಿಸಿದಳು. "ಅಲ್ಲಿ ಹೋಗಿ ಬಾಯಿಬಿಟ್ಟೆಯೋ, ಇನ್ನು ನನ್ನ ಹತ್ರ ಮಾತಾಡಬೇಡ." ಮೆಟ್ಟಿಲು ದಡದಡ ಇಳಿದು ಹೋದಳು.

ಸುಳ್ಳೇಕೆ ಹೇಳಬೇಕು, ಟೇಪಮ್ಮ ಕತ್ತರಿ ಕೈಗೆತ್ತಿಕೊಂಡಳು. ಟೇಪನ್ನು ಅದರ ಬಾಯಿಗೂ ಕೊಟ್ಟಳು. ಸಾಕಿದ ಕೈಯಿಂದಲೇ ಮಗಳ ಅನ್ನಕ್ಕೆ ಕಲ್ಲು ಹಾಕೋದು ಸುಮ್ಮನೆ ಮಾತಾ? ಒಮ್ಮೆ ಒತ್ತಿದರೆ ಮುಗಿಯಿತು. ಅಷ್ಟರಲ್ಲಿ ಆ ಹೆಡ್ ಮೇಡಂ ಸೀಮೆಸುಣ್ಣದ ಕೈ ಒರೆಸಿಕೊಂಡದ್ದು ಕಣ್ಣಮುಂದೆ ಬಂತು. ನೀವು ಅಳೆದಿದ್ದೀರಲ್ಲ, ಅಲ್ಲಿಗೆ ಸರಿ. ಹಾಳಾದ ಮಾತು! ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕತ್ತರಿಯನ್ನು ಡ್ರಾಯರಿಗೆ ಎಸೆದು, ಎರಡೂ ಟೇಪುಗಳನ್ನು ಚೀಲಕ್ಕೆ ತುರುಕಿ ಹೊರಟಳು. ಕೊರಳು ಬರಿದಾಗಿತ್ತು.

ಕೋಣೆಯಲ್ಲಿ ಜನ ಕಿಕ್ಕಿರಿದಿದ್ದರು. ಗುಡ್ಡದ ಕಡೆಯ ಅಪ್ಪ ಅಮ್ಮಂದಿರು ಹಿಂದಿನ ಬೆಂಚುಗಳಲ್ಲಿ ನಿರಾಳವಾಗಿ ಕೂತಿದ್ದರು. ಗೇಟಿನ ಕಡೆಯಿಂದ ಬಂದದ್ದು ಹೆಡ್ ಮೇಡಂ ಒಬ್ಬರೇ. ಬಾಗಿಲ ಪಕ್ಕ, ಗೋಡೆಗೆ ಒರಗಿ, ಟೇಪಮ್ಮನ ಮಗಳು.

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು. "ಎಲ್ಲರೂ ಒಪ್ಪಿದ ಹಾಗೆ, ಗೇಟಿನ ಶಾಲೆ..."

"ಒಂದು ನಿಮಿಷ ಸಾರ್." ಟೇಪಮ್ಮ ಎದ್ದಳು. "ನನ್ನ ಟೇಪು ಜಗ್ಗಿದೆ. ನಾನು ಅಳೆದದ್ದು ತಪ್ಪು. ಗೇಟಿನ ಶಾಲೆಯ ಆ ಎರಡು ಕೋಣೆನೂ ನಾನೂರು ದಾಟ್ತವೆ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಹಿಂದಿನ ಬೆಂಚುಗಳಿಂದ ಗದ್ದಲ ಎದ್ದಿತು. "ಈಗ ನೆನಪಾಯ್ತಾ?" "ಯಾರು ಹೇಳಿಕೊಟ್ಟರು ನಿನಗೆ?" ಮ್ಯಾನೇಜರು ಮೇಜು ತಟ್ಟಿದರು. "ಟೇಪು ಒಂಚೂರು ಜಗ್ಗಿದ್ದಕ್ಕೆ ಇಷ್ಟು ರಾದ್ಧಾಂತವಾ ಅಮ್ಮ? ಕಡತ ಸಿದ್ಧವಾಗಿದೆ. ಟೇಪು ಸರಿಯಿಲ್ಲ ಅನ್ನೋದಕ್ಕೆ ಸಾಕ್ಷಿ ಏನು?"

ಟೇಪಮ್ಮ ಎರಡನ್ನೂ ಮೇಜಿನ ಮೇಲೆ ಹಾಸಿದಳು. ನುಣುಪು ಮೇಜು, ಹಳೆಯ ಟೇಪು ಸುರುಳಿ ಸುತ್ತಿಕೊಂಡು ಜಾರುತ್ತಲೇ ಇತ್ತು. ಈ ತುದಿ ಒತ್ತಿದರೆ ಆ ತುದಿ ಏಳುತ್ತಿತ್ತು. "ಯಾರಾದ್ರೂ ಆ ತುದಿ ಹಿಡ್ಕೊಳ್ಳಿ" ಅಂದಳು. ಯಾರೂ ಏಳಲಿಲ್ಲ. ಹಿಡಿದವರ ಕೈಯಿಂದಲೇ ಗುಡ್ಡದ ಶಾಲೆ ಹೋಗುತ್ತದೆ, ಬೆಂಚಿನಲ್ಲಿ ಕೂತವರೆಲ್ಲ ನೋಡುತ್ತಿದ್ದಾರೆ. ಮೇಸ್ತ್ರಿ ಕೂಡ ಉಗುರು ನೋಡಿಕೊಳ್ಳುತ್ತಿದ್ದ. ಹೆಡ್ ಮೇಡಂ ಎದ್ದರು, ನಾನು ಹಿಡಿಯೋದು ಸರಿಯಲ್ಲ ಅನ್ನಿಸಿತೋ ಏನೋ, ಮತ್ತೆ ಕೂತರು. ಟೇಪಮ್ಮನ ಕಣ್ಣು ಮಂಜಾಯಿತು.

ಆ ತುದಿಯ ಮೇಲೆ ಎರಡು ಬೆರಳು ಬಂದು ಕೂತವು. ಬೆರಳಿನ ಸಂದಿಯಲ್ಲಿ ಸೀಮೆಸುಣ್ಣ. ಮಗಳು.

"ನಿನ್ನ ಹತ್ರ ನಾನಿನ್ನೂ ಮಾತಾಡ್ತಿಲ್ಲ" ಅಂದಳು ಪಿಸುದನಿಯಲ್ಲಿ, ತಲೆ ಎತ್ತದೆ.

"ಬೇಡ ಬಿಡು. ಎಳೀಬೇಡ, ಸುಮ್ಮನೆ ಒತ್ತಿ ಹಿಡ್ಕೊ."

ಮಗಳು ಸೊನ್ನೆಗೆ ಸೊನ್ನೆ ಹೊಂದಿಸಿದಳು. ಟೇಪಮ್ಮ ಅರವತ್ತರ ತನಕ ಕೈಯಾಡಿಸಿ ನಿಲ್ಲಿಸಿದಳು. ಮಗಳು ಬಗ್ಗಿ ನೋಡಿದಳು. ಆಮೇಲೆ ನೆಟ್ಟಗೆ ನಿಂತು, ಹನ್ನೊಂದು ವರ್ಷ ಪಾಠ ಮಾಡಿದ ದನಿಯಲ್ಲಿ, ಕೊನೆಯ ಬೆಂಚಿಗೂ ಕೇಳುವ ಹಾಗೆ ಓದಿದಳು: "ಒಂದೂವರೆ ಇಂಚು."