ಮೈಕಿನವಳ ಸೇಡು

ಬಸ್ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಮೈಕಮ್ಮ ಎಂದೇ ಕರೆಯುತ್ತಾರೆ. ಗೂಡಿನಂಥ ಗಾಜಿನ ಕೋಣೆ, ಕಾಲು ಅಲ್ಲಾಡುವ ಕುರ್ಚಿ, ಎದುರಿಗೆ ಮೈಕು. ಬಸ್ಸು ಬಂತೆಂದು ಅವಳು ಕೂಗಿದರೆ ಜನ ಗಂಟುಮೂಟೆ ಎತ್ತಿಕೊಂಡು ಏಳುತ್ತಾರೆ, ಕೂಗದಿದ್ದರೆ ಬೆಂಚು ಬಿಟ್ಟು ಕದಲುವುದಿಲ್ಲ. ಹಾಗೆ ಅಭ್ಯಾಸ ಮಾಡಿಸಿದವಳೇ ಅವಳು. ತಡೆಯಲಾರದೆ ಕಿಟಕಿಗೆ ಬಂದು ವಿಚಾರಿಸುವವರನ್ನು, ಕರೆದಾಗ ಬನ್ನಿ ಎಂದು ಮೈಕಿನಲ್ಲೇ ಗದರಿಸಿ ಮುಖದ ನೀರಿಳಿಸುತ್ತಿದ್ದಳು.

ಈ ಅಭ್ಯಾಸವೇ ಕೊನೆಗೆ ಕೈಕೊಟ್ಟಿತು. ನಿಲ್ದಾಣದ ಬಾಗಿಲಲ್ಲಿ ಹೂವು ಮಾರುತ್ತಿದ್ದ ಅಕ್ಕನಿಗೂ ಇವಳಿಗೂ ಒಂದೇ ವರ್ಷ ಸ್ತನ ಕ್ಯಾನ್ಸರ್ ಆಗಿತ್ತು. ರಸ್ತೆಯಾಚೆಯ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಹಾಸಿಗೆ. ಇಬ್ಬರ ಕೂದಲೂ ಒಟ್ಟಿಗೇ ಉದುರಿ ಒಟ್ಟಿಗೇ ಚಿಗುರಿತು. ಮನೆಗೆ ಕಳಿಸುವ ದಿನ ಡಾಕ್ಟರು ನಗುನಗುತ್ತ, ಎಲ್ಲ ಮುಗಿಯಿತು, ಮುಂದಿನ ತಪಾಸಣೆಗೆ ನಾವೇ ಕರೆಯುತ್ತೇವೆ ಎಂದಿದ್ದರು. ವರ್ಷ ಕಳೆಯಿತು, ಇನ್ನೊಂದೂ ಕಳೆಯಿತು, ಕರೆ ಬರಲಿಲ್ಲ. ಅಕ್ಕನಿಗೆ ಬೆನ್ನುನೋವು ಹತ್ತಿತು. ಬುಟ್ಟಿ ಹೊತ್ತಿದ್ದಕ್ಕೆ ಇರಬೇಕೆಂದು ಎಣ್ಣೆ ತಿಕ್ಕಿಕೊಂಡಳು. ಒಮ್ಮೆ ಹೋಗಿ ತೋರಿಸಲೇ ಎಂದು ಮೈಕಮ್ಮನನ್ನೇ ಕೇಳಿದಳು.

"ಕರೀಲಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತಾನೇ ಅಲ್ವೇನಕ್ಕ?" ಎಂದಳು ಮೈಕಮ್ಮ.

ರೋಗ ಮೂಳೆಗೆ ಇಳಿದಿತ್ತು. ಅಕ್ಕ ಉಳಿಯಲಿಲ್ಲ.

ಯಾಕೆ ಕರೆಯಲಿಲ್ಲ ಎಂದು ಕೇಳಲು ಹೋದರೆ ಡಾಕ್ಟರು ತಲೆಯೆತ್ತದೆ, ನೋವಿದ್ದವರು ತಾವೇ ಬರಬೇಕಿತ್ತು ಎಂದುಬಿಟ್ಟರು. ಮೈಕಮ್ಮನ ಮೈಯೆಲ್ಲ ಉರಿದುಹೋಯಿತು. ಕರೆಯುತ್ತೇವೆ ಎಂದಿದ್ದೂ ಅದೇ ಬಾಯಿ! ಅಲ್ಲಿಯವರೆಗೆ ಅಳುತ್ತಿದ್ದವಳು ಅಳು ನಿಲ್ಲಿಸಿ ಹಲ್ಲು ಕಡಿದಳು. ಈ ಮನುಷ್ಯನಿಗೆ ನೀರು ಕುಡಿಸದೆ ಬಿಡುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದಳು.

ಮರುದಿನದಿಂದ ಬಸ್ಸುಗಳ ನಡುವೆ ಹೊಸ ಪ್ರಕಟಣೆ ಶುರುವಾಯಿತು. "ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿರೋ ಅಕ್ಕತಂಗಿಯರು ಗಮನಿಸಿ. ಎದುರುಗಡೆ ಆಸ್ಪತ್ರೆಯವರು ನಿಮ್ಮನ್ನ ಕರೆಯೋದಿಲ್ಲ. ನೀವೇ ಹೋಗಿ. ತಪಾಸಣೆ ಆಗದೆ ಎದ್ದು ಬರಬೇಡಿ."

ಧ್ವನಿವರ್ಧಕದ ಬಾಯಿ ಆಸ್ಪತ್ರೆಯ ಕಡೆಗೇ ತಿರುಗಿತ್ತು. ಅದನ್ನು ತಿರುಗಿಸಿದವರು ಯಾರೆಂದು ಬೇರೆ ಹೇಳಬೇಕೇ? ನಿಲ್ದಾಣದ ಮ್ಯಾನೇಜರು ಕೆಲಸದಿಂದ ತೆಗೆಯುತ್ತೇನೆಂದು ಹಾರಾಡಿದರು. ಹಾಗಾದರೆ ನೀವೇ ಕೂಗಿ ಎಂದು ಅವಳು ಕುರ್ಚಿ ಬಿಟ್ಟೆದ್ದಳು. ಅವರು ಅರ್ಧ ದಿನ ಕೂಗಿ, ಗಂಟಲು ಕಟ್ಟಿ, ತೆಪ್ಪಗೆ ಜಾಗ ಖಾಲಿ ಮಾಡಿದರು.

ಬಸ್ಸಿಳಿದ ಹೆಂಗಸರು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. ಒಬ್ಬಳ ತೋಳು ಊದಿಕೊಂಡಿತ್ತು. ಇನ್ನೊಬ್ಬಳಿಗೆ ಸಣ್ಣ ಕೆಮ್ಮು ಬಂದರೂ ಜೀವ ಬಾಯಿಗೆ ಬರುತ್ತಿತ್ತು, ಕೇಳಲು ಯಾರೂ ಇರಲಿಲ್ಲ. ಡಾಕ್ಟರ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲದಾಯಿತು, ಅವರ ಊಟ ನಿದ್ದೆ ಕೆಟ್ಟವು. ಮೈಕಮ್ಮನಿಗೆ ಪಾಪ ಅನ್ನಿಸಿತೇ? ಎಳ್ಳಷ್ಟೂ ಇಲ್ಲ. ಗಾಜಿನಾಚೆ ಆ ಸಾಲನ್ನು ನೋಡಿ ನೋಡಿ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು.

ಕಡೆಗೊಂದು ಮಧ್ಯಾಹ್ನ ಡಾಕ್ಟರೇ ಗಾಜಿನ ಕೋಣೆಗೆ ಬಂದರು. ಫೋನು ಮಾಡಿ ಕರೆಯುವುದಕ್ಕೆಂದೇ ಒಬ್ಬ ನರ್ಸನ್ನು ಕೂರಿಸಿದ್ದೇವೆ, ಚಿಕಿತ್ಸೆ ಮುಗಿಸಿದ ಪ್ರತಿಯೊಬ್ಬರಿಗೂ ವರ್ಷ ವರ್ಷ ಕರೆ ಹೋಗುತ್ತದೆ, ಇನ್ನು ಕೂಗುವುದನ್ನು ನಿಲ್ಲಿಸಿ ಎಂದು ಕೇಳಿಕೊಂಡರು. ನಾಳೆ ನಿಮ್ಮನ್ನೂ ಕರೆಯುತ್ತೇವೆ ಎಂದರು.

ಮೈಕಮ್ಮ ಮೈಕನ್ನು ಅವರ ಮುಂದಕ್ಕೆ ತಳ್ಳಿದಳು. "ಮೊದ್ಲು ಹೂವಿನಕ್ಕನ್ನ ಕರೀರಿ."

"ಅವರು ತೀರಿಕೊಂಡ್ರಲ್ಲಮ್ಮ."

"ಗೊತ್ತು. ಕರೀತೀವಿ ಅಂದಿದ್ರಲ್ಲ, ಕರೀರಿ."

ಅವರು ಬಾಗಿಲ ಕಡೆ ನೋಡಿದರು. ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ಡಾಕ್ಟರು ಮೈಕಿಗೆ ಬಗ್ಗಿ, ಹೂವಿನಂಗಡಿಯವರು ತಪಾಸಣೆಗೆ ಬರಬೇಕು ಎಂದರು. ನಿಲ್ದಾಣದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವ ಬೆಂಚಿನಿಂದಲೂ ಯಾರೂ ಏಳಲಿಲ್ಲ.

"ಇನ್ನೊಂದ್ಸಲ ಕರೀರಿ," ಎಂದಳು ಮೈಕಮ್ಮ. "ಅವಳಿಗೆ ಕೇಳಿಸಿಲ್ಲ."