ಒಂದೇ ಅಂಚಿಗೆ ಸವೆಯುತ್ತಿದ್ದ ಬೆಲ್ಟು

ವಾರಕ್ಕೆ ಎರಡು ಸಲ ನನ್ನ ಹೆಂಡತಿಯನ್ನು ಡಯಾಲಿಸಿಸ್‌ಗೆಂದು ಬೈಲಹೊಂಗಲಕ್ಕೆ ಕರೆದೊಯ್ಯುತ್ತೇನೆ. ನಮ್ಮೂರಿನಿಂದ ಅರ್ಧ ತಾಸಿನ ಹಾದಿ. ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ನಿಂತು ಹೋಗುವ ತ್ರಾಣ ಅವಳಿಗಿಲ್ಲ. ಬೈಕಿನ ಸೀಟು ಅವಳಿಗೆ ಎತ್ತರ. ಹೀಗಾಗಿ ಹಳೆಯ ಸ್ಕೂಟರೇ ಗತಿ. ಬರುವಾಗ ಅವಳಿಗೆ ತಲೆ ತಿರುಗುತ್ತದೆಂದು ಇಬ್ಬರ ಸೊಂಟವನ್ನೂ ಸೇರಿಸಿ ಟಾವೆಲ್ ಕಟ್ಟಿಕೊಳ್ಳುತ್ತೇನೆ. ನಗುವವರು ನಗಲಿ.

ಹೋದ ಬೇಸಿಗೆಯಿಂದ ಆ ಸ್ಕೂಟರಿನ ಹಿಂದಿನ ಗಾಲಿ ತಿರುಗಿಸುವ ಬೆಲ್ಟು ನನ್ನ ಜೀವ ಹಿಂಡತೊಡಗಿತು. ವರ್ಷಗಟ್ಟಲೆ ಬಾಳಬೇಕಾದದ್ದು ಎರಡು ತಿಂಗಳಿಗೆ ಹರಿಯುತ್ತಿತ್ತು. ಕೈಯಲ್ಲಿ ಹಿಡಿದು ನೋಡಿದರೆ ಒಂದು ಅಂಚು ಹೊಸದರಂತೆಯೇ ಇರುತ್ತಿತ್ತು, ಇನ್ನೊಂದು ಅಂಚು ಸವೆದು ನೂಲು ಬಿಚ್ಚಿರುತ್ತಿತ್ತು. ಮೊದಲ ಸಲ ನಡುದಾರಿಯಲ್ಲಿ ಹರಿದಾಗ ಅವಳ ಡಯಾಲಿಸಿಸ್ ಪಾಳಿ ತಪ್ಪಿತು. ಮರುದಿನ ಮಲಗಲಾಗದೆ ಗೋಡೆಗೆ ಒರಗಿ ಕುಳಿತು ಉಸಿರಿಗಾಗಿ ಒದ್ದಾಡಿದಳು. ಮುಖ ಬಾತು ಕಣ್ಣು ಮುಚ್ಚಿಹೋಗಿದ್ದವು. ಅವಳು ಹೋಗಿಯೇ ಬಿಟ್ಟಳೆಂದು ನಾನು ಹೊರಗೆ ಬಂದು ಅತ್ತೆ. ಅಂದಿನಿಂದ ಸ್ಕೂಟರು ಸ್ವಲ್ಪ ಕಿರ್ರೆಂದರೂ ಗಾಡಿ ನಿಲ್ಲಿಸಿ ಬಗ್ಗಿ ನೋಡುತ್ತಿದ್ದೆ.

ಬೈಲಹೊಂಗಲದ ಮೆಕ್ಯಾನಿಕ್ ಹೊಸ ಬೆಲ್ಟು ಹಾಕಿಕೊಡುತ್ತಿದ್ದ, ಕಾರಣ ಮಾತ್ರ ಅವನಿಗೂ ತಿಳಿದಿರಲಿಲ್ಲ. ಆದರೆ ನಾನು ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವನು. ಬೆಲ್ಟಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಸೊಕ್ಕು. ಗಿರಣಿಯ ಮೋಟಾರು ಒಂದು ಕಡೆ ವಾಲಿದರೆ ಬೆಲ್ಟು ಒಂದೇ ಅಂಚಿಗೆ ಸವೆಯುತ್ತದೆ. ಹಾಗಾದರೆ ಈ ಗಾಡಿಯಲ್ಲಿ ವಾಲುವುದು ಯಾವುದು? ಸೀರೆ ಉಟ್ಟು, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂರುವ ನನ್ನ ಹೆಂಡತಿ. ಲೆಕ್ಕ ಸರಿಹೋಯಿತು ಅನ್ನಿಸಿತು.

"ಇನ್ಮ್ಯಾಲೆ ಗಂಡಸರಂಗ ಕುಂಡ್ರು. ನೀ ಒಂದ ಕಡೆ ಕುಂಡ್ರೂದಕ್ಕ ಬೆಲ್ಟ ಹರಿಯಾಕತ್ತೈತಿ" ಎಂದೆ.

"ಕಾಲ ಬಾತಾವ್ರಿ. ತೊಡಿ ಭಾಳ ಸೆಳೀತಾವು."

"ಹಂಗಾರ ನಡಕೋತ ಬಾ."

ಈ ಮಾತು ನಾನೇ ಆಡಿದ್ದು. ಅವಳು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಸೀಟಿನ ಎರಡೂ ಕಡೆ ಕಾಲು ಹಾಕಿ ಕೂತಳು. ಪೇಟೆ ಬಂದೊಡನೆ ಸೆರಗಿನಿಂದ ಕಾಲು ಮುಚ್ಚಿಕೊಳ್ಳುತ್ತಿದ್ದಳು. ಗುಂಡಿಯಲ್ಲಿ ಗಾಡಿ ಕುಕ್ಕಿದಾಗ ಬೆನ್ನ ಹಿಂದೆ ಅವಳು ನರಳುವುದು ಕೇಳಿಸುತ್ತಿತ್ತು. ಹೀಗೆ ಎರಡು ತಿಂಗಳು. ಆದರೂ ಬೆಲ್ಟು ಮತ್ತೆ ಸದ್ದು ಮಾಡಿತು. ನನಗೆ ದಿಕ್ಕೇ ತೋಚಲಿಲ್ಲ. ಮರುದಿನ ಅವಳ ಪಾಳಿ ಇತ್ತು.

ಯಾರೋ ಹೇಳಿದರೆಂದು ಕಿತ್ತೂರಿನಲ್ಲಿ ಹೈವೇ ಪಕ್ಕದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಬಳಿ ಒಬ್ಬನೇ ಹೋದೆ. ಅವರು ಮುಚ್ಚಳ ಬಿಚ್ಚಿ, ಒಳಗೆ ಬಿದ್ದಿದ್ದ ರಬ್ಬರಿನ ಕರಿ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು. ಬೆಲ್ಟು ಸುತ್ತುವ ಮುಂದಿನ ಪುಲ್ಲಿಯಿಂದ ಹಿಂದಿನ ಪುಲ್ಲಿಗೆ ಒಂದು ಉಕ್ಕಿನ ಪಟ್ಟಿ ಹಿಡಿದರು.

"ಬೆಲ್ಟಿನ ತಪ್ಪಲ್ರಿ. ಮುಂದಿನ ಪುಲ್ಲಿ ಲೈನಿನ್ಯಾಗ ಇಲ್ಲ."

"ಮನ್ಯಾಕಿ ಒಂದ ಕಡೆ ಕುಂಡ್ರತಿದ್ಲು. ಅದಕ್ಕ ಹಿಂಗ ಆಗೈತೇನ್ರಿ?" ಎಂದು ಕೇಳಿದೆ.

ಅವರು ನಕ್ಕುಬಿಟ್ಟರು. "ಅವರು ಹೆಂಗ ಕುಂತ್ರ ಈ ಬೆಲ್ಟಿಗೇನ್ರಿ?"

ಬೆಲ್ಟು ಬದಲಿಸಲು ಪುಲ್ಲಿಯ ಹೊರಗಿನ ತಟ್ಟೆ ತೆಗೆದರೆ ಸಾಕು, ಬೈಲಹೊಂಗಲದವನು ಅಷ್ಟನ್ನೇ ಮಾಡುತ್ತಿದ್ದ. ಅವರು ಇಡೀ ಪುಲ್ಲಿಯನ್ನೇ ಹೊರಗೆಳೆದರು. ಅದರ ಹಿಂದಿನಿಂದ ಉಂಗುರದಂತೆ ಕತ್ತರಿಸಿದ ಒಂದು ತಗಡಿನ ಚೂರು ಜಾರಿ ಕೆಳಗೆ ಬಿತ್ತು. ಮಸಿಯ ನಡುವೆ ಎಣ್ಣೆ ಡಬ್ಬಿಯ ಹಳದಿ ಬಣ್ಣ ಇಣುಕುತ್ತಿತ್ತು.

ಅದನ್ನು ಕತ್ತರಿಸಿದ ಕತ್ತರಿ ನಮ್ಮ ಮನೆಯಲ್ಲಿದೆ. ಗಿರಣಿಯ ಪುಲ್ಲಿ ಅಲುಗಾಡಿದರೆ ನಾವು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಅದರ ಹಿಂದೆ ಸಿಕ್ಕಿಸುತ್ತಿದ್ದೆವು. ಹೋದ ಬೇಸಿಗೆಯಲ್ಲಿ ಸ್ಕೂಟರು ಕಟಕಟ ಅಂದಾಗಲೂ ನಾನೇ ಬಿಚ್ಚಿ ಹಾಗೆಯೇ ಮಾಡಿದ್ದೆ. ಸದ್ದು ನಿಂತಿತ್ತು. ಹೆಂಡತಿಯ ಮುಂದೆ ಜಂಬ ಕೊಚ್ಚಿ ಮರೆತೂ ಬಿಟ್ಟಿದ್ದೆ.

"ಪುಲ್ಲಿನ ಹೊರಗ ತಳ್ಳಿದ್ದು ಇದ ನೋಡ್ರಿ. ಇದನ್ನ ಯಾರ ಹಾಕಿದ್ರಿ?"

"ಗೊತ್ತಿಲ್ರಿ" ಎಂದೆ. ಆ ಹಿರಿಯರ ಮುಖ ನೋಡಲಾಗಲಿಲ್ಲ.

ಹೊಸ ಬೆಲ್ಟು ಹಾಕಿಸಿಕೊಂಡು ಮನೆಗೆ ಬಂದು ಅವಳಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ನಿನ್ನನ್ನು ಸುಮ್ಮನೆ ಗೋಳಾಡಿಸಿದೆ, ನಾಳೆಯಿಂದ ಮೊದಲಿನಂತೆ ಒಂದೇ ಕಡೆ ಕೂರು ಎಂದೆ. ಅವಳು "ಹೋಗ್ಲಿ ಬಿಡ್ರಿ" ಎಂದು ಒಳಗೆ ಹೋದಳು. ನನಗೆ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ಗಾಡಿ ಹೊರಗೆ ತೆಗೆದೆ. ಅವಳು ಬಂದು, ಸೀರೆ ಎತ್ತಿ ಸಿಕ್ಕಿಸಿ, ಬಾತ ಕಾಲನ್ನು ಕೈಯಿಂದಲೇ ಎತ್ತಿ ಆಚೆ ಕಡೆ ಹಾಕತೊಡಗಿದಳು.

"ಒಂದ ಕಡೆ ಕುಂಡ್ರು ಅಂದ್ನಲ್ಲ" ಎಂದೆ.

"ಬ್ಯಾಡ್ರಿ. ಮತ್ತ ಹರದ್ರ?"

ಅದು ಸಿಟ್ಟಿನ ಮಾತಾಗಿರಲಿಲ್ಲ. ಅವಳು ನಿಜವಾಗಿಯೂ ಹೆದರಿದ್ದಳು.