ಗಂಟಿನೊಳಗಿನ ಹೆಸರು

ಜಮಖಂಡಿಯ ನಮ್ಮ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ರಬಕವಿಯ ನೇಕಾರರ ಮಗಳೊಬ್ಬಳು ಕಬ್ಬು ತೂಗುವ ಯಂತ್ರಕ್ಕೆ ಕೋಡ್ ಬರೆಯುತ್ತಿದ್ದಳು. ಆ ಫೈಲುಗಳನ್ನೆಲ್ಲ ಒಂದೇ ಗಂಟಾಗಿ ಕಟ್ಟಿ ಸಕ್ಕರೆ ಕಾರ್ಖಾನೆಗೆ ಕಳಿಸುವುದು ನನ್ನ ಕೆಲಸ. ಗಂಟಿನೊಳಗೆ ಬರೆದವರ ಹೆಸರಿನ ಪುಟ್ಟ ಫೈಲೊಂದನ್ನು ಅವಳು ತಪ್ಪದೆ ಸೇರಿಸುತ್ತಿದ್ದಳು.

“ನಮ್ಮಪ್ಪ ನೇಯ್ದ ಸೀರಿ ಮಡಿಕ್ಯಾಗ ಹೆಸರಿನ ಚೀಟಿ ಇಡ್ತಾನ್ರಿ, ಹಂಗ.”

ಆಫೀಸಿನ ಮಾಲೀಕರು ಪ್ರತಿಸಲ ನನ್ನ ಕೈಯಿಂದ ಅವಳ ಹೆಸರು ಅಳಿಸಿ ತಮ್ಮ ಹೆಸರು ಹಾಕಿಸುತ್ತಿದ್ದರು. ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ, “ಮುಂದಿನ ಸಲಾ ನನ್ನ ಹೆಸರ ಬರ್ತೈತಿ ತಗೋರಿ, ಅಕ್ಕಾರ,” ಎನ್ನುತ್ತಿದ್ದಳು.

ಒಮ್ಮೆ ಮಾಲೀಕರೇ ಅವಸರದಲ್ಲಿ ತಿದ್ದಿದ ಕೋಡಿನ ಸಾಲೊಂದರಿಂದ ಕಬ್ಬಿನ ತೂಕ ತಪ್ಪಿತು. ರೈತರು ಕಾರ್ಖಾನೆಯ ಗೇಟಿಗೆ ಅಡ್ಡ ಕೂತರು.

“ಆ ಫೈಲಿನ್ಯಾಗ ಆಕಿ ಹೆಸರ ಹಾಕ್ರಿ,” ಎಂದರು ಮಾಲೀಕರು.

ಹಾಕಿದೆ. ಮರುದಿನ ಅವಳನ್ನು ಕೆಲಸದಿಂದ ತೆಗೆದರು. ಹೊರಡುವಾಗ ಅವಳು ನನ್ನ ಪರದೆಯ ಮೇಲಿದ್ದ ಹೆಸರನ್ನು ಓದಿದಳು.

“ಈ ಸಲಾ ಬಂತ ನೋಡ್ರಿ, ಅಕ್ಕಾರ.”